ಗ್ಯಾಸ್ ಕಟಿಂಗ್ ಅಥವಾ ಪ್ಲಾಸ್ಮಾ: ಕಿಟ್ಟದ ದೃಷ್ಟಿಯಿಂದ ಒಂದು ಹೋಲಿಕೆ

ಗ್ಯಾಸ್ ಕಟಿಂಗ್‌ನಲ್ಲಿ ಜ್ವಾಲೆಯು ಉಕ್ಕನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಮೇಲೆ ಶುದ್ಧ ಆಮ್ಲಜನಕದ ಧಾರೆಯು ಕಬ್ಬಿಣವನ್ನೇ ಉರಿಸಿ, ಹುಟ್ಟಿದ ಆಕ್ಸೈಡನ್ನು ದ್ರವರೂಪದ ಕಿಟ್ಟವಾಗಿ ಕೆಳಕ್ಕೆ ತಳ್ಳುತ್ತದೆ. ಈ ಆಕ್ಸೈಡು ಉಕ್ಕಿಗಿಂತ ಕಡಿಮೆ ಉಷ್ಣತೆಯಲ್ಲಿ ಕರಗುವುದರಿಂದಲೇ ಈ ವಿಧಾನ ಸಾಧ್ಯವಾಗಿದೆ. ಅಲ್ಯೂಮಿನಿಯಂ ಸುಮಾರು 660 ಡಿಗ್ರಿಯಲ್ಲಿ ಕರಗಿದರೂ ಅದರ ಆಕ್ಸೈಡು 2,000 ಡಿಗ್ರಿಯಲ್ಲೂ ಗಟ್ಟಿಯಾಗಿರುತ್ತದೆ, ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಆಕ್ಸೈಡು ಹೀಗೆಯೇ ಅಡ್ಡಿಯಾಗುತ್ತದೆ; ಹಾಗಾಗಿ ಇವೆರಡಕ್ಕೂ ಗ್ಯಾಸ್ ಕಟಿಂಗ್ ಒಗ್ಗುವುದಿಲ್ಲ.

ಪ್ಲಾಸ್ಮಾಕ್ಕೆ, ಅಂದರೆ ವಿದ್ಯುತ್ತಿನಿಂದ ವಿಪರೀತ ಕಾಯಿಸಿದ ಅನಿಲದ ಧಾರೆಯಿಂದ ಕತ್ತರಿಸುವ ವಿಧಾನಕ್ಕೆ, ಈ ನಿರ್ಬಂಧವಿಲ್ಲ. ವಿದ್ಯುತ್ ಹರಿಯುವ ಲೋಹ ಯಾವುದಾದರೂ ಅದನ್ನು ಕರಗಿಸಿ ಊದಿಬಿಡುತ್ತದೆ, ತೆಳುವಾದ ಪ್ಲೇಟುಗಳಲ್ಲಿ ಬಹಳ ಬೇಗ ಸಾಗುತ್ತದೆ. ಆದರೆ ವೇಗ ತಪ್ಪಿದರೆ ಕೆಳಗಂಚಿಗೆ ಕಿಟ್ಟ ಅಂಟಿಕೊಳ್ಳುತ್ತದೆ: ನಿಧಾನವಾದಾಗ ಅಂಟಿದ್ದು ಸುಲಭವಾಗಿ ಉದುರುತ್ತದೆ, ಅತಿವೇಗದಿಂದ ಅಂಟಿದ್ದನ್ನು ಗ್ರೈಂಡರ್‌ನಿಂದ ಉಜ್ಜಿಯೇ ತೆಗೆಯಬೇಕಾಗುತ್ತದೆ.

50 ಮಿಲಿಮೀಟರ್‌ಗಿಂತ ದಪ್ಪನೆಯ ಸಾಧಾರಣ ಉಕ್ಕೇ ಮುಖ್ಯ ಕೆಲಸವಾಗಿದ್ದರೆ ನಾನು ಗ್ಯಾಸನ್ನೇ ಆರಿಸುತ್ತೇನೆ. ತೆಳು ಪ್ಲೇಟಿಗೂ ಬಗೆಬಗೆಯ ಲೋಹಗಳಿಗೂ ಪ್ಲಾಸ್ಮಾವೇ ಸೂಕ್ತ.