ಸವಳು ನೀರಿನ ಬಿಳಿ ಪದರ, ಒಲೆಯ ಜಿಡ್ಡು, ಅದಿರಿನ ಕೆಂಪು: ಯಾವ ಕಲೆಗೆ ಯಾವುದು ಗೆಲ್ಲುತ್ತದೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಮನೆಗಳಲ್ಲಿ ಹಟ ಹಿಡಿದು ಕೂರುವ ಕಲೆಗಳು ಮುಖ್ಯವಾಗಿ ನಾಲ್ಕು. ಬೋರಿನ ಸವಳು ನೀರು ನಳ, ಬಕೀಟು, ಬಚ್ಚಲ ಟೈಲ್ಸಿನ ಮೇಲೆ ಬಿಟ್ಟುಹೋಗುವ ಬಿಳಿ ಪದರ. ಮಿರ್ಚಿ ಕರಿಯುವ ಒಲೆಯ ಹಿಂದಿನ ಗೋಡೆಯ ಎಣ್ಣೆ ಜಿಡ್ಡು. ಬಟ್ಟೆಗೆ ಹತ್ತಿದ ಅರಿಶಿನ. ಸಂಡೂರಿನ ಕಡೆಯಿಂದ ಲಾರಿಗಳ ಜೊತೆ ಬರುವ ಕಬ್ಬಿಣದ ಅದಿರಿನ ಕೆಂಪು ಧೂಳು. ಅಂಗಡಿಯಲ್ಲಿ ಕೇಳಿದರೆ ಇವಕ್ಕೆಲ್ಲ ಬಚ್ಚಲ ಆಸಿಡ್, ಇಲ್ಲವೇ ಬ್ಲೀಚಿಂಗ್ ಪುಡಿ ಕೊಡುತ್ತಾರೆ. ಕಿಟಕಿ ಇಲ್ಲದ ಬಚ್ಚಲಲ್ಲಿ ಆ ಆಸಿಡ್ಡಿನ ಹೊಗೆ ಕೆಮ್ಮು ಹತ್ತಿಸುತ್ತದೆ, ನಳದ ಹೊಳಪನ್ನೂ ತಿನ್ನುತ್ತದೆ. ಅದರ ಬದಲಿಗೆ ಹಚ್ಚಿ ನೋಡಿದ್ದು ಇವು: ನಿಂಬೆ ಉಪ್ಪು ಅಂದರೆ ಸಿಟ್ರಿಕ್ ಆಸಿಡ್, ಬಿಳಿ ವಿನೆಗರ್, ನಿಂಬೆಹಣ್ಣು, ಅಡುಗೆ ಸೋಡಾ, ವಾಷಿಂಗ್ ಸೋಡಾ, ಅಂಟುವಾಳದ ನೀರು, ಸಿಪ್ಪೆ ಕೊಳೆಸಿ ಮಾಡುವ ಬಯೋ ಎಂಜೈಮ್, ಹೈಡ್ರೋಜನ್ ಪೆರಾಕ್ಸೈಡ್.

ಎರಡನ್ನೇ ಕೊಳ್ಳುವುದಾದರೆ ನಿಂಬೆ ಉಪ್ಪು ಮತ್ತು ವಾಷಿಂಗ್ ಸೋಡಾ ಕೊಳ್ಳಿ. ಬಿಳಿ ಪದರ ಸುಣ್ಣದ ಕಲೆ, ಅದಕ್ಕೆ ಹುಳಿ ಬೇಕು, ಜಿಡ್ಡಿಗೆ ಕ್ಷಾರ ಬೇಕು. ಎರಡನ್ನೂ ಒಂದೇ ಪಾತ್ರೆಯಲ್ಲಿ ಕಲಸಬಾರದು. ಮೊಬೈಲ್ ವಿಡಿಯೋಗಳಲ್ಲಿ ಸೋಡಾ ಮೇಲೆ ವಿನೆಗರ್ ಸುರಿದು ನೊರೆ ತೋರಿಸುತ್ತಾರಲ್ಲ, ಆ ನೊರೆ ಬರೀ ಇಂಗಾಲದ ಡೈಆಕ್ಸೈಡ್. ಹುಳಿ ಕ್ಷಾರವನ್ನು ಕೊಂದು, ಕ್ಷಾರ ಹುಳಿಯನ್ನು ಕೊಂದು, ಕೊನೆಗೆ ಉಳಿಯುವುದು ಯಾವ ಕಲೆಗೂ ಆಗದ ಸಪ್ಪೆ ಲವಣದ ನೀರು.

ಬಿಳಿ ಪದರ

ಕುಡಿಯುವ ನೀರಿನ ಗಡಸುತನ, ಅಂದರೆ ಕರಗಿದ ಸುಣ್ಣದಂಥ ಲವಣ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ. ತುಂಗಭದ್ರೆಯ ಕೆನಾಲ್ ನೀರು ಬರುವ ಮನೆಯಲ್ಲಿ ಬಿಳಿ ಪದರ ಕಟ್ಟಲು ತಿಂಗಳುಗಳೇ ಬೇಕು. ಆಳದ ಬೋರಿನ ನೀರಾದರೆ ವಾರದೊಳಗೆ ನಳದ ಬಾಯಿಯ ಸುತ್ತ ಗಂಟು ಕಾಣುತ್ತದೆ. ಆ ಗಂಟು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸೋಡಾ, ಸೋಪು, ಅಂಟುವಾಳ ಯಾವುದೂ ಅದನ್ನು ಕರಗಿಸುವುದಿಲ್ಲ. ಹುಳಿಯೊಂದೇ ದಾರಿ.

ಹುಳಿಗಳಲ್ಲಿ ಯಾವುದು ಮೇಲು? ಲೆಕ್ಕ ಹಾಕಿದರೆ ಒಂದು ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು ಹಾಕಿದ ದ್ರಾವಣವೂ 4 ಪ್ರತಿಶತದ ಒಂದು ಲೀಟರ್ ವಿನೆಗರೂ ಸುಣ್ಣ ಕರಗಿಸುವ ಶಕ್ತಿಯಲ್ಲಿ ಹೆಚ್ಚೂಕಡಿಮೆ ಸಮ. ಆದರೆ ವಿನೆಗರಿನ ಘಾಟು ಬಚ್ಚಲಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ, ಬಾಟಲಿ ಬೇಗ ಖಾಲಿಯಾಗುತ್ತದೆ. ನಿಂಬೆ ಉಪ್ಪಿಗೆ ವಾಸನೆ ಇಲ್ಲ, ಬೇಕಾದಷ್ಟೇ ಕಲಸಿಕೊಳ್ಳಬಹುದು. ಇನ್ನು ನಿಂಬೆಹಣ್ಣು: ರಸದಲ್ಲಿ ಇದೇ ಹುಳಿ 5–6 ಪ್ರತಿಶತ ಇರುತ್ತದೆ. ಒಂದು ಹಣ್ಣಿಗೆ 30 ಮಿಲಿ ರಸ ಬಂದರೂ ಸಿಗುವುದು ಒಂದೂವರೆ ಗ್ರಾಂ ಚಿಲ್ಲರೆ. 50 ಗ್ರಾಂ ಬೇಕೆಂದರೆ ಮೂವತ್ತು ಹಣ್ಣು ಹಿಂಡಬೇಕು. ಹಿಂಡಿದ ಹೋಳಿನಿಂದ ನಳವನ್ನು ದಿನಾ ಉಜ್ಜಿದರೆ ಹೊಸ ಪದರ ಕಟ್ಟುವುದಿಲ್ಲ. ಹಳೆಯ ಗಂಟಿಗೆ ಅದು ಸಾಲದು.

ನಳಕ್ಕೆ ಹೀಗೆ ಮಾಡಿ. ಉಗುರುಬೆಚ್ಚಗಿನ ಒಂದು ಲೀಟರ್ ನೀರಿಗೆ 50 ಗ್ರಾಂ, ಅಂದರೆ ಸುಮಾರು ಮೂರು ದೊಡ್ಡ ಚಮಚ, ನಿಂಬೆ ಉಪ್ಪು ಕರಗಿಸಿ. ಹಳೆ ಬನಿಯನ್ನಿನ ಪಟ್ಟಿಯನ್ನು ಅದರಲ್ಲಿ ಅದ್ದಿ ನಳಕ್ಕೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ. ನಮ್ಮ ಕಡೆಯ ಬಿಸಿಲಿಗೆ ಬಟ್ಟೆ ಹತ್ತು ನಿಮಿಷಕ್ಕೇ ಒಣಗುತ್ತದೆ, ಒಣಗಿದರೆ ಕೆಲಸ ನಿಂತಂತೆ. ಚೀಲ ಕಟ್ಟುವುದು ಅದಕ್ಕೇ. ಅರ್ಧ ಗಂಟೆ ಬಿಟ್ಟು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ. ಗಂಟು ಪೂರ್ತಿ ಹೋಗದಿದ್ದರೆ ಹೊಸ ದ್ರಾವಣದಲ್ಲಿ ಇನ್ನೊಮ್ಮೆ ಕಟ್ಟಿ. ರಾತ್ರಿಯಿಡೀ ಬಿಡಬೇಡಿ. ಮೇಲಿನ ಲೇಪನ ಸವೆದಿರುವ ಕಡೆ ಹುಳಿ ಒಳಗಿನ ಹಿತ್ತಾಳೆಗೆ ಇಳಿದು ಕಪ್ಪು ಚುಕ್ಕಿ ಬೀಳುತ್ತದೆ. ಪ್ಲಾಸ್ಟಿಕ್ ಷವರ್ ಆದರೆ ಬಿಚ್ಚಿ ಮಗ್ಗಿನಲ್ಲಿ ಎರಡು ಮೂರು ಗಂಟೆ ಮುಳುಗಿಸಿಡಬಹುದು.

ಎಲೆಕ್ಟ್ರಿಕ್ ಕೆಟಲ್ಲಿಗೂ ಇದೇ ದ್ರಾವಣ ಸಾಕು, ಆದರೆ ಕುದಿಸಬೇಡಿ. ಬಿಸಿ ಹೆಚ್ಚಾದಷ್ಟೂ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಇನ್ನೊಂದು ಬಿಳಿ ಪುಡಿ ತಳಕ್ಕೆ ಕೂರುತ್ತದೆ. ಅದು ಮೊದಲಿನ ಪದರಕ್ಕಿಂತ ತೆಗೆಯಲು ಕಷ್ಟ. ಕುದಿಸಿ ಕೆಡಿಸಿಕೊಂಡವರು ‘ನಿಂಬೆ ಉಪ್ಪು ಕೆಲಸ ಮಾಡಲಿಲ್ಲ’ ಎಂದು ಅದರ ಮೇಲೆ ತಪ್ಪು ಹೊರಿಸುತ್ತಾರೆ. ದ್ರಾವಣವನ್ನು ಬೆಚ್ಚಗೆ ಮಾಡಿ, ಸ್ವಿಚ್ ಆರಿಸಿ, ಅರ್ಧ ಗಂಟೆ ಬಿಟ್ಟು ಚೆಲ್ಲಿ. ಆಮೇಲೆ ಬರೀ ನೀರನ್ನು ಎರಡು ಸಲ ಕುದಿಸಿ ಚೆಲ್ಲಿ.

ಟೈಲ್ಸಿನ ಪದರ ಹಲವು ಸಲ ಬರೀ ಸುಣ್ಣವಲ್ಲ. ಸ್ನಾನದ ಸೋಪಿನ ಕೊಬ್ಬು ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬೂದು ಬಣ್ಣದ ಮೇಣದಂತೆ ಅಂಟಿರುತ್ತದೆ. ನಿಂಬೆ ಉಪ್ಪು ಹಚ್ಚಿದರೆ ಕ್ಯಾಲ್ಸಿಯಂ ಬಿಡುತ್ತದೆ, ಕೊಬ್ಬು ಅಲ್ಲೇ ಉಳಿಯುತ್ತದೆ, ಕೈಗೆ ಜಾರುತ್ತದೆ. ಆಗ ಹುಳಿಯನ್ನು ಚೆನ್ನಾಗಿ ತೊಳೆದುಬಿಟ್ಟು, ಬಿಸಿನೀರಿನ ವಾಷಿಂಗ್ ಸೋಡಾ ಹಚ್ಚಿ ತಿಕ್ಕಿದರೆ ಟೈಲ್ಸು ಶುದ್ಧವಾಗುತ್ತದೆ. ಹುಳಿ ಮೊದಲು, ಸೋಡಾ ನಂತರ, ನಡುವೆ ನೀರು. ಟೈಲ್ಸಿನ ಸಂದಿನ ಸಿಮೆಂಟಿಗೂ ಹುಳಿ ಆಗದು. ಸಂದನ್ನು ಮೊದಲು ನೀರಿನಿಂದ ತೋಯಿಸಿ, ಹತ್ತು ನಿಮಿಷದೊಳಗೆ ತೊಳೆದುಬಿಡಿ.

ನಮ್ಮ ಭಾಗದವರು ಇದೊಂದನ್ನು ಮಾತ್ರ ಮರೆಯಲೇಬಾರದು: ಹಳೆ ಮನೆಗಳ ನೆಲ ಶಹಾಬಾದ್ ಫರಸಿ, ಅಡುಗೆಕಟ್ಟೆ ಕಡಪ ಕಲ್ಲು. ಎರಡೂ ಸುಣ್ಣದ ಕಲ್ಲುಗಳೇ. ನಿಂಬೆ, ವಿನೆಗರ್, ಹುಣಸೆ, ಬಯೋ ಎಂಜೈಮ್ ಏನೇ ಬಿದ್ದರೂ ಹೊಳಪು ಹೋಗಿ ಮಾಸಲು ಮಚ್ಚೆ ಉಳಿಯುತ್ತದೆ. ಅದು ಕಲೆಯಲ್ಲ, ಕಲ್ಲೇ ಸವೆದದ್ದು. ಪಾಲಿಷ್ ಹಿಡಿಸದೆ ಹೋಗುವುದಿಲ್ಲ. ಗ್ರಾನೈಟೋ ಸುಣ್ಣದ ಕಲ್ಲೋ ಗೊತ್ತಾಗದಿದ್ದರೆ ಕಾಣದ ಮೂಲೆಯಲ್ಲಿ ಒಂದು ಹನಿ ನಿಂಬೆ ರಸ ಬಿಟ್ಟು ಹತ್ತಿರದಿಂದ ನೋಡಿ. ಸಣ್ಣ ಗುಳ್ಳೆ ಎದ್ದರೆ, ಒರೆಸಿದ ಮೇಲೆ ಮಸುಕಾದರೆ, ಆ ಕಲ್ಲಿಗೆ ಹುಳಿ ತಾಗಿಸಬೇಡಿ. ಫರಸಿಗೆ ಬೆಚ್ಚಗಿನ ನೀರು, ಪಾತ್ರೆ ಸೋಪಿನ ನಾಲ್ಕು ಹನಿ ಸಾಕು.

ಎಣ್ಣೆ ಜಿಡ್ಡು

ನಿನ್ನೆಯ ಎಣ್ಣೆ ಬೇರೆ, ವರ್ಷದ ಜಿಡ್ಡು ಬೇರೆ. ಕರಿಯುವಾಗ ಹಾರಿದ ಎಣ್ಣೆ ಗಾಳಿ ಮತ್ತು ಬಿಸಿಗೆ ಗಟ್ಟಿಯಾಗಿ ಅರಗಿನಂತಾಗುತ್ತದೆ. ಹೊಸ ಎಣ್ಣೆಗೆ ಪಾತ್ರೆ ಸೋಪು ಸಾಕು. ಹಳೆಯದಕ್ಕೆ ಅಡುಗೆ ಸೋಡಾ ಉಜ್ಜಿದರೆ ಅದು ಸಣ್ಣ ಮರಳಿನಂತೆ ಕೆರೆಯುತ್ತದೆಯೇ ಹೊರತು ಕರಗಿಸುವುದಿಲ್ಲ, ತೋಳು ಸೋಲುತ್ತದೆ. ಇಲ್ಲಿ ವಾಷಿಂಗ್ ಸೋಡಾ ಎದುರು ನಿಲ್ಲುವುದು ಯಾವುದೂ ಇಲ್ಲ. ಅದು ಅಡುಗೆ ಸೋಡಾಕ್ಕಿಂತ ಬಹಳ ತೀಕ್ಷ್ಣ ಕ್ಷಾರ, ಕೊಬ್ಬನ್ನು ಸೋಪಾಗಿಸಿ ನೀರಿಗೆ ಬಿಡಿಸುತ್ತದೆ. ಕಿರಾಣಿಯಲ್ಲಿ ಸಿಗದಿದ್ದರೆ ಅಡುಗೆ ಸೋಡಾವನ್ನು ಕಬ್ಬಿಣದ ಬಾಣಲೆಯಲ್ಲಿ ತೆಳುವಾಗಿ ಹರಡಿ, ಕೈಯಾಡಿಸುತ್ತ ಹುರಿಯಿರಿ. ಮೊದಲು ಕುದಿಯುವಂತೆ ಉಬ್ಬುತ್ತದೆ. ಉಬ್ಬುವುದು ನಿಂತ ಮೇಲೂ ಕಾಲು ಗಂಟೆ ಹುರಿದರೆ ಅದೇ ವಾಷಿಂಗ್ ಸೋಡಾ ಆಗುತ್ತದೆ.

ಕೈ ತಾಳುವಷ್ಟು ಬಿಸಿಯಾದ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ವಾಷಿಂಗ್ ಸೋಡಾ, ಅರ್ಧ ಚಮಚ ಪಾತ್ರೆ ಸೋಪು. ರಬ್ಬರ್ ಕೈಗವಸು ಹಾಕಿಕೊಳ್ಳಿ. ಬರಿಗೈ ಆದರೆ ಚರ್ಮದ ಜಿಡ್ಡೂ ಹೋಗಿ ಬಿರಿಯುತ್ತದೆ. ಅದ್ದಿದ ಬಟ್ಟೆಯನ್ನು ಗೋಡೆಯ ಟೈಲ್ಸಿಗೆ ಅಂಟಿಸಿ ಕಾಲು ಗಂಟೆ ಬಿಡಿ. ಕೆಳಗಿನಿಂದ ಮೇಲಕ್ಕೆ ಹೋಗಿ. ಮೇಲಿನಿಂದ ಶುರು ಮಾಡಿದರೆ ಇಳಿದ ಕೊಳೆ ನೀರು ಒಣ ಜಿಡ್ಡಿನ ಮೇಲೆ ಗೀರು ಗೀರಾಗಿ ಕೂರುತ್ತದೆ. ಅಲ್ಯೂಮಿನಿಯಂ ಪಾತ್ರೆ, ಕುಕ್ಕರು, ಅಲ್ಯೂಮಿನಿಯಂ ರೆಕ್ಕೆಯ ಎಕ್ಸಾಸ್ಟ್ ಫ್ಯಾನಿಗೆ ಇದನ್ನು ಹಚ್ಚಲೇಬೇಡಿ, ಲೋಹ ಕಪ್ಪಾಗಿ ಸವೆಯುತ್ತದೆ. ಬಣ್ಣ ಬಳಿದ ಗೋಡೆಯಲ್ಲಿ ಬಣ್ಣವೇ ಎದ್ದು ಬರುತ್ತದೆ. ಅಂಥ ಕಡೆ ಪಾತ್ರೆ ಸೋಪು, ಅಡುಗೆ ಸೋಡಾದ ತೆಳು ಲೇಪ, ತಾಳ್ಮೆ.

ಅಂಟುವಾಳ ಇಲ್ಲಿ ಎರಡನೇ ಸ್ಥಾನಕ್ಕೂ ಬರುವುದಿಲ್ಲ. ಅದರ ಗೆಲುವು ಬಟ್ಟೆಯಲ್ಲಿ. ಬೀಜ ತೆಗೆದ 10–12 ಕಾಯಿಯ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ 20 ನಿಮಿಷ ಕುದಿಸಿ ಸೋಸಿ. ಸವಳು ನೀರಿನಲ್ಲಿ ಬಾರ್ ಸೋಪು ಮೊಸರೊಡೆದಂತಾಗುತ್ತದೆ, ಬಟ್ಟೆ ಬಿರುಸಾಗುತ್ತದೆ. ಅಂಟುವಾಳದಲ್ಲಿ ನೊರೆ ಕೊಡುವ ಸಪೋನಿನ್ ಕ್ಯಾಲ್ಸಿಯಂ ಜೊತೆ ಸೇರಿ ಹಾಗೆ ಗಟ್ಟಿ ಕಟ್ಟುವುದಿಲ್ಲ. ರೇಷ್ಮೆ, ಉಣ್ಣೆಗೂ ಒಳ್ಳೆಯದು. ಆದರೆ ಅಚ್ಚ ಬಿಳಿ ಬಟ್ಟೆಗೆ ಕಂದು ಛಾಯೆ ಹತ್ತಿಸಬಹುದು, ಎರಡು ಮೂರು ದಿನಕ್ಕೆ ಹುಳಿತು ನಾರುತ್ತದೆ. ಕಣ್ಣಿಗೆ ಬಿದ್ದರೆ ಉರಿ ವಿಪರೀತ.

ಕೆಂಪು ಧೂಳು, ಎರೆ ಮಣ್ಣು

ಅದಿರಿನ ಧೂಳು ಹೆಮಟೈಟ್, ಆಗಲೇ ಆಮ್ಲಜನಕ ಸೇರಿದ ಕಬ್ಬಿಣ. ಆದ್ದರಿಂದ ಪೆರಾಕ್ಸೈಡ್, ಬ್ಲೀಚಿಂಗ್ ಎರಡಕ್ಕೂ ಇಲ್ಲಿ ಕೆಲಸವಿಲ್ಲ. ನೀರಿನಲ್ಲಿ ಕರಗಿದ ಕಬ್ಬಿಣವಿದ್ದರೆ ಬ್ಲೀಚಿಂಗ್ ಅದನ್ನೂ ತುಕ್ಕಾಗಿಸಿ ಬಟ್ಟೆಗೆ ಹೊಸ ಹಳದಿ ಕಟ್ಟುತ್ತದೆ. ಈ ಕೆಂಪು ಬಣ್ಣವಲ್ಲ, ನುಣ್ಣನೆಯ ಕಣ. ಒದ್ದೆ ಕೈಯಿಂದ ಉಜ್ಜಿದಿರೋ, ನೂಲಿನೊಳಗೆ ಇಳಿದು ಕೂರುತ್ತದೆ. ಮೊದಲು ಒಣಗಿದಾಗಲೇ ಝಾಡಿಸಿ, ಮೆತ್ತನೆ ಬ್ರಷ್ ಆಡಿಸಿ. ಆಮೇಲೆ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ನಳದ ಕೆಳಗೆ ಹಿಡಿಯಿರಿ. ಕಣ ಹೊಕ್ಕ ದಾರಿಯಲ್ಲೇ ಹೊರಗೆ ಬರುತ್ತದೆ. ನಂತರ ಅಂಟುವಾಳದ ನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಇಷ್ಟಾದ ಮೇಲೂ ಉಳಿದ ಗುಲಾಬಿ ಛಾಯೆ ಬಿಸಿಯಾದ ನಿಂಬೆ ಉಪ್ಪಿನ ನೀರಿನಲ್ಲಿ ಒಂದೆರಡು ಗಂಟೆಗೆ ತಿಳಿಯಾಗುತ್ತದೆ, ಪೂರ್ತಿ ಹೋಗುವ ಭರವಸೆ ಇಲ್ಲ. ಬಕೀಟಿನ ಹಿಡಿ, ಮೊಳೆಯಿಂದ ಹತ್ತಿದ ಹೊಸ ತುಕ್ಕಾದರೆ ಇದೇ ನೀರು ಬೇಗ ಬಿಡಿಸುತ್ತದೆ. ಹತ್ತಿಯ ಬಟ್ಟೆಯಲ್ಲಿ ಹುಳಿ ಹಾಗೇ ಒಣಗಿದರೆ ನೂಲು ಸೀಳುತ್ತದೆ, ಮೂರು ನೀರಿನಲ್ಲಿ ಜಾಲಾಡಿಸಲೇಬೇಕು. ಸುಣ್ಣ ಬಳಿದ ಗೋಡೆಗೆ ಕೆಂಪು ಕೂತಿದ್ದರೆ ಒಣ ಬ್ರಷ್ ಒಂದೇ ಗತಿ.

ಎರೆ ಮಣ್ಣಿಗೂ ಅದೇ ನಿಯಮ: ಪೂರ್ತಿ ಒಣಗುವವರೆಗೆ ಮುಟ್ಟಬೇಡಿ. ಗಿಣಿಗೇರಾ ಕಡೆಯ ಕಾರ್ಖಾನೆಗಳ ಕಪ್ಪು ಧೂಳಿಗೆ ಒಣ ಬ್ರಷ್ ಆದ ಮೇಲೆ ವಾಷಿಂಗ್ ಸೋಡಾ. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಗಾಜಿನಂಥ ಕಣ, ಕಿಟಕಿ ಗಾಜನ್ನು ಒಣ ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ನೀರು ಸುರಿದು ಇಳಿಸಿ.

ಅರಿಶಿನ

ಇಲ್ಲಿ ಎಲ್ಲವನ್ನೂ ಸೋಲಿಸುವುದು ಬಿಸಿಲು. ಅರಿಶಿನದ ಬಣ್ಣವಾದ ಕರ್ಕ್ಯುಮಿನ್ ಬೆಳಕಿಗೆ ಒಡೆಯುತ್ತದೆ. ಸೋಪು ತಾಗಿದೊಡನೆ ಕಲೆ ಕೆಂಪಗಾದರೆ ಗಾಬರಿ ಬೇಡ, ಕ್ಷಾರಕ್ಕೆ ಅದು ಹಾಗೇ ತಿರುಗುತ್ತದೆ, ಜಾಲಾಡಿಸಿದರೆ ಮತ್ತೆ ಹಳದಿ. ಮೊದಲು ಪಾತ್ರೆ ಸೋಪಿನಿಂದ ಒಗ್ಗರಣೆಯ ಎಣ್ಣೆ ತೆಗೆಯಿರಿ, ಒದ್ದೆ ಬಟ್ಟೆಯನ್ನೇ ಕಲೆ ಮೇಲೆ ಮಾಡಿ ಬಿಸಿಲಿಗೆ ಹಾಕಿ, ಒಣಗಿದರೆ ಮತ್ತೆ ನೀರು ಚಿಮುಕಿಸಿ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ಸಂಜೆಯೊಳಗೆ ಬಿಳಿ ಬಟ್ಟೆ ಬಿಳಿಯಾಗುತ್ತದೆ. ಮಳೆಗಾಲದಲ್ಲಿ 3 ಪ್ರತಿಶತ ಪೆರಾಕ್ಸೈಡ್ ಹಚ್ಚಿ ಅರ್ಧ ಗಂಟೆ ಬಿಡಿ. ಔಷಧಿ ಅಂಗಡಿಯ ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿದ್ದರೆ ಅದು 6 ಪ್ರತಿಶತ, ಅಷ್ಟೇ ನೀರು ಬೆರೆಸಿ. ರಕ್ತದ ಕಲೆಗೂ ಇದೇ, ಮೊದಲು ತಣ್ಣೀರು. ಬಿಸಿನೀರು ರಕ್ತವನ್ನು ಬೇಯಿಸಿ ಕೂರಿಸುತ್ತದೆ. ಬಣ್ಣದ ಬಟ್ಟೆಯಾದರೆ ಒಳಹೊಲಿಗೆಯಲ್ಲಿ ಒಂದು ಹನಿ ಬಿಟ್ಟು ನೋಡಿ.

ಬಯೋ ಎಂಜೈಮಿನ ಮೇಲೆ ಜನರಿಗೆ ಪ್ರೀತಿ ಬಹಳ: ಬೆಲ್ಲ 1, ನಿಂಬೆ-ಮೋಸಂಬಿ ಸಿಪ್ಪೆ 3, ನೀರು 10 ಪಾಲು, ಮೂರು ತಿಂಗಳು. ಮೊದಲ ತಿಂಗಳು ದಿನಾ ಮುಚ್ಚಳ ಸಡಿಲಿಸದಿದ್ದರೆ ಬಾಟಲಿ ಸಿಡಿಯಬಹುದು, ಗಾಜಿನದು ಬೇಡವೇ ಬೇಡ. ಸಿಪ್ಪೆ ವ್ಯರ್ಥವಾಗದು, ಟೈಲ್ಸ್ ನೆಲ ಒರೆಸಲು ಚೆನ್ನ. ಆದರೆ ಅದರಲ್ಲಿ ಸುಣ್ಣ ಕರಗಿಸುವುದು ಸೌಮ್ಯವಾದ ಹುಳಿಯೇ, ಹಳೆಯ ಗಂಟಿಗಾಗಲಿ ಜಿಡ್ಡಿಗಾಗಲಿ ಸಾಲದು. ತಾಮ್ರದ ಹಂಡೆಗೆ ಹುಣಸೆಹಣ್ಣು, ಉಪ್ಪು. ಅದನ್ನು ಬದಲಿಸುವ ಅಗತ್ಯವೇ ಕಂಡಿಲ್ಲ.

ಇವು ವಿಷವಲ್ಲ ಎಂದ ಮಾತ್ರಕ್ಕೆ ಏನಾದರೂ ಬೆರೆಸಬಹುದೆಂದಲ್ಲ. ತೊಟ್ಟಿಗೆ ಹಾಕುವ ಬ್ಲೀಚಿಂಗ್ ಪುಡಿಗೆ ನಿಂಬೆ ಉಪ್ಪು, ವಿನೆಗರ್ ಯಾವುದು ಸೇರಿದರೂ ಕ್ಲೋರಿನ್ ಅನಿಲ ಏಳುತ್ತದೆ; ಪೆರಾಕ್ಸೈಡಿಗೆ ವಿನೆಗರ್ ಸೇರಿದರೆ ಕಣ್ಣು, ಗಂಟಲು ಸುಡುವ ಇನ್ನೊಂದು ಆಸಿಡ್ ಹುಟ್ಟುತ್ತದೆ. ನಿಂಬೆ ಉಪ್ಪನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೆಸರು ಬರೆದು, ಸಕ್ಕರೆ-ಉಪ್ಪಿನ ಸಾಲಿನಿಂದ ದೂರ ಇಡಿ. ನೋಡಲು ಮೂರೂ ಒಂದೇ ಥರ. ವಾಷಿಂಗ್ ಸೋಡಾ ಮಕ್ಕಳ ಕೈಗೆ ಎಟುಕದ ಅಟ್ಟಣಿಗೆಯಲ್ಲಿರಲಿ.