ಕ್ಯಾನನೆಟ್ ಕ್ಯೂಎಲ್17 ಜಿ3: ಆಟೋ ಮೋಡ್‌ನಲ್ಲಿಟ್ಟು ಬಳಸುವವರಿಗೆ

ಕ್ಯಾನನ್ ಕಂಪನಿಯ ಈ ಹಳೆಯ ಫಿಲ್ಮ್ ಕ್ಯಾಮರಾಗೆ ‘ಬಡವರ ಲೈಕಾ’ ಅಂತ ಒಂದು ಅಡ್ಡಹೆಸರಿದೆ. ಲೈಕಾ ಅಂದರೆ ಜರ್ಮನಿಯ ದುಬಾರಿ ಕ್ಯಾಮರಾ. ಕೊಳ್ಳುವವರ ದಾರಿ ತಪ್ಪಿಸುವುದೇ ಆ ಹೆಸರು. ಲೆನ್ಸ್ ಬದಲಾಯಿಸುತ್ತಾ, ಎಲ್ಲವನ್ನೂ ಕೈಯಾರೆ ಹೊಂದಿಸಿ ತೆಗೆಯುವ ಆಸೆಯಿದ್ದರೆ ಇದು ನಿಮಗಲ್ಲ. ಲೆನ್ಸ್ ಕಳಚಲು ಬರುವುದಿಲ್ಲ. ಮ್ಯಾನುಯಲ್‌ಗೆ ತಿರುಗಿಸಿದ ಕೂಡಲೇ ಬೆಳಕು ಅಳೆಯುವ ಮೀಟರ್ ಬಂದ್. 1972ರಲ್ಲಿ ಬಂದ ಇದು ಮನೆಮಂದಿ ಬಳಸುವ ಕ್ಯಾಮರಾ. ಆಟೋದಲ್ಲಿ ಶಟರ್ ವೇಗ ನಾವು ಇಟ್ಟರೆ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯ ಅಗಲ, ಅದೇ ನೋಡಿಕೊಳ್ಳುತ್ತದೆ. ನಾಲ್ಕೈದು ವರ್ಷದಿಂದ ನಾನು ಬಳಸುತ್ತಿರುವುದೂ ಹಾಗೇ.

ಮೊದಲು ಲೆನ್ಸ್. 40 ಎಂಎಂ, ಎಫ್/1.7. ಎಫ್ ಮುಂದಿನ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ಅಗಲ, ಬೆಳಕು ಹೆಚ್ಚು. ಹಳ್ಳಿಮನೆಯ ಹಜಾರದಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದ್ದರೂ 400 ಸ್ಪೀಡಿನ (ಕಮ್ಮಿ ಬೆಳಕಿಗೂ ಒಗ್ಗುವ) ರೋಲ್ ಹಾಕಿ 1/30 ಸೆಕೆಂಡಿನಲ್ಲಿ ಆರಾಮಾಗಿ ತೆಗೆಯಬಹುದು. ಫ್ಲ್ಯಾಶ್ ಬೇಡ. ಶಟರ್ ಲೆನ್ಸ್ ಒಳಗೇ ಇರುವುದರಿಂದ, ಎಸ್‌ಎಲ್‌ಆರ್ ಥರ ಕನ್ನಡಿ ಮೇಲೇಳುವ ‘ಟಪ್’ ಸದ್ದೂ ಇಲ್ಲ. ಸಣ್ಣಗೆ ‘ಟಿಕ್’ ಅನ್ನುತ್ತದೆ, ಅಷ್ಟೇ. ಅಡುಗೆಮನೆಯಲ್ಲಿ ಹೋಳಿಗೆ ತಟ್ಟುತ್ತಾ ಕೂತ ಅತ್ತೆಯರು ತಲೆ ಎತ್ತಿ ನೋಡಿದ್ದೂ ಇಲ್ಲ. ಫೋನ್ ಹಿಡಿದರೆ ಸಾಕು, ಸೆರಗು ಸರಿಮಾಡಿಕೊಳ್ಳುತ್ತಾರೆ!

ಫೋಕಸ್ ಬಗ್ಗೆ ಸ್ವಲ್ಪ ಹೇಳಬೇಕು. ಕಣ್ಣಿಟ್ಟು ನೋಡುವ ಫೈಂಡರ್ ನಡುವೆ ಹಳದಿ ಬಣ್ಣದ ಒಂದು ಪುಟ್ಟ ಮಚ್ಚೆ. ಅದರೊಳಗೆ ಎರಡೆರಡು ಕಾಣುವ ಚಿತ್ರವನ್ನು ಒಂದರ ಮೇಲೊಂದು ಕೂರಿಸಬೇಕು. ಮುಖ ನೋಡಿ ಮಾಡಲು ಹೋಗಬೇಡಿ. ಕನ್ನಡಕದ ಅಂಚು, ಬೊಟ್ಟು, ಅಂಗಿಯ ಗುಂಡಿ, ಹೀಗೆ ಅಂಚು ಚೆನ್ನಾಗಿ ಕಾಣುವಂಥದ್ದನ್ನು ಹಿಡಿಯಿರಿ. ಲೆನ್ಸ್ ಮೇಲಿನ ಪುಟ್ಟ ಕಡ್ಡಿಯನ್ನು ಬೆರಳಲ್ಲಿ ಸರಿಸುತ್ತಾ ಹೋದಂತೆ, ಫೋಟೋದಲ್ಲಿ ಎಷ್ಟು ಬರುತ್ತದೆ ಅಂತ ತೋರಿಸುವ ಹಳದಿ ಚೌಕಟ್ಟೂ ಫೈಂಡರಿನಲ್ಲಿ ಓರೆಯಾಗಿ ಜರುಗುತ್ತದೆ. ಹತ್ತಿರದಿಂದ ತೆಗೆದಾಗ ತಲೆ ಕತ್ತರಿಸಿಹೋಗದಿರಲಿ ಅಂತ ಆ ಏರ್ಪಾಡು. 0.8 ಮೀಟರಿಗಿಂತ ಹತ್ತಿರ ಹೋಗಲಾಗುವುದಿಲ್ಲ. ತಟ್ಟೆಯಲ್ಲಿರುವ ದೋಸೆಗೆ ಇದು ಆಗಿಬರುವುದಿಲ್ಲ ಬಿಡಿ.

ಮೀಟರಿನ ಕಣ್ಣು ಲೆನ್ಸಿನ ಸುತ್ತಿನ ಉಂಗುರದ ಒಳಗೇ ಇದೆ. ಇದರಿಂದ ಎರಡು ಲಾಭ. ಫಿಲ್ಟರ್ ಹಾಕಿದರೆ ಅದು ನುಂಗುವ ಬೆಳಕನ್ನೂ ಮೀಟರೇ ಲೆಕ್ಕ ಹಿಡಿಯುತ್ತದೆ. ಇನ್ನು ಕ್ಯಾಪ್ ತೆಗೆಯದೆ ಒತ್ತಿದರೆ, ಆಟೋದಲ್ಲಿ ಬೆಳಕು ಸಾಲದು ಅಂತ ಬಟನ್ನೇ ಇಳಿಯುವುದಿಲ್ಲ. ಇಂಥ ರೇಂಜ್‌ಫೈಂಡರ್ ಕ್ಯಾಮರಾಗಳಲ್ಲಿ ನಾವು ನೋಡುವುದು ಲೆನ್ಸ್ ಮೂಲಕ ಅಲ್ಲ. ಕ್ಯಾಪ್ ಹಾಕಿದ್ದರೂ ಫೈಂಡರಿನಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ಇದು ಸಣ್ಣ ಉಪಕಾರ ಅಲ್ಲ.

ಕ್ಯೂಎಲ್ ಅಂದರೆ ಕ್ವಿಕ್ ಲೋಡ್. ಫಿಲ್ಮಿನ ತುದಿಯನ್ನು ಕೆಂಪು ಗುರುತಿನವರೆಗೆ ಎಳೆದು, ಹಿಂದಿನ ಬಾಗಿಲು ಮುಚ್ಚಿ, ಲಿವರ್ ಎಳೆದರಾಯಿತು. ಮದುವೆಮನೆ ಗಲಾಟೆಯಲ್ಲಿ ನಿಂತಲ್ಲೇ ರೋಲ್ ಬದಲಾಯಿಸಬಹುದು.

ಈಗ ತಲೆನೋವಿನ ವಿಷಯ. ಸೆಲ್! ಇದು ತಯಾರಾದದ್ದು 1.35 ವೋಲ್ಟಿನ ಪಾದರಸದ ಸೆಲ್‌ಗೆ, ಅದು ಈಗ ಬರುವುದಿಲ್ಲ. ಅದೇ ಅಳತೆಯ 1.5 ವೋಲ್ಟಿನ ಸೆಲ್ ಹಾಕಿದರೆ ಮೀಟರ್ ಇಲ್ಲದ ಬೆಳಕನ್ನು ಇದೆ ಅನ್ನುತ್ತದೆ, ಫೋಟೋ ಕಪ್ಪಾಗುತ್ತದೆ. ನಾನು ಹಾಕುವುದು ಕಿವಿ ಮೆಷಿನ್‌ಗೆ ಬಳಸುವ 675 ನಂಬರಿನ ಸೆಲ್. 1.4 ವೋಲ್ಟ್, ಹೆಚ್ಚುಕಮ್ಮಿ ಸರಿಹೋಗುತ್ತದೆ. ಗಾತ್ರ ಚಿಕ್ಕದು, ಅಲ್ಲಾಡದಂತೆ ಸುತ್ತ ರಬ್ಬರ್ ಉಂಗುರ ಬೇಕು. ಸ್ಟಿಕ್ಕರ್ ಕಿತ್ತ ಮೇಲೆ ಬಳಸಿದರೂ ಬಿಟ್ಟರೂ ಅದು ಕೆಲವೇ ತಿಂಗಳಲ್ಲಿ ಸಾಯುತ್ತದೆ. ಅಗ್ಗ ಇರುವುದರಿಂದ ಬೇಸರವಿಲ್ಲ.

ಮಧ್ಯಾಹ್ನದ ಬಿಸಿಲಲ್ಲಿ ಹಿನ್ನೆಲೆ ಮಸುಕಾಗಲಿ ಅಂತ ಆಸೆಪಡಬೇಡಿ. ಅದಕ್ಕೆ ಕಿಂಡಿ ಅಗಲವಾಗಿರಬೇಕು, ಆದರೆ ಶಟರ್ ವೇಗ 1/500ಕ್ಕೇ ನಿಲ್ಲುತ್ತದೆ. 400ರ ರೋಲ್ ಇದ್ದರೆ ಅಪರ್ಚರ್ ಕಿರಿದಾಗಿ ಎಫ್/16ರ ಹತ್ತಿರ ಹೋಗಿ ಕೂರುತ್ತದೆ. ತೂಕ ಸುಮಾರು 600 ಗ್ರಾಂ. ಜೇಬಿಗೆ ಹಾಕುವಂಥದ್ದಲ್ಲ. ಅಷ್ಟು ಭಾರ ಬೇಡ ಅನ್ನುವವರು ಒಲಿಂಪಸ್ 35 ಆರ್‌ಸಿ ನೋಡಬಹುದು. ಆದರೆ ಅದರ ಲೆನ್ಸ್ ಎಫ್/2.8, ಒಳಾಂಗಣಕ್ಕೆ ಸಾಲದು.

ನನಗೆ ಮಾರಿದವರು ‘ಪಕ್ಕಾ ವರ್ಕಿಂಗ್’ ಅಂದಿದ್ದರು. ಬಂದಾಗ ಶಟರ್ ಎಲೆಗಳು ಎಣ್ಣೆ ಹತ್ತಿ ಅಂಟಿಕೊಂಡಿದ್ದವು, ಬಾಗಿಲಂಚಿನ ಕಪ್ಪು ಸ್ಪಂಜು ಕರಗಿ ಡಾಂಬರಾಗಿತ್ತು. ರಿಪೇರಿಗೆ ಕೊಟ್ಟ ದುಡ್ಡು ಕ್ಯಾಮರಾ ಬೆಲೆಯ ಹತ್ತಿರ ಹತ್ತಿರ. ಹಾಗಾಗಿ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಹಿಂದಿನ ಬಾಗಿಲು ತೆಗೆದು, ಶಟರ್ ವೇಗವನ್ನು ‘ಬಿ’ (ಒತ್ತಿ ಹಿಡಿದಷ್ಟು ಹೊತ್ತೂ ತೆರೆದಿರುತ್ತದೆ) ಮೇಲಿಟ್ಟು ಒತ್ತಿ ಹಿಡಿದು, ಲೆನ್ಸ್ ಮೂಲಕ ದೀಪದತ್ತ ನೋಡಿ. ಜೇಡರಬಲೆ ಥರ ಕಂಡರೆ ಅದು ಫಂಗಸ್. ನಿಧಾನ ವೇಗದಲ್ಲೂ ಶಟರ್ ಒತ್ತಿ ನೋಡಿ, 1/4ರಲ್ಲಿ ತಡವರಿಸಿದರೆ ಸರ್ವಿಸ್ ಖರ್ಚು ಕಳೆದು ಬೆಲೆ ಮಾತಾಡಿ. ಮಲೆನಾಡು, ಕರಾವಳಿಯವರು ಚರ್ಮದ ಕೇಸಿನಲ್ಲಿ ಇಡಲೇಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ.