ಮೊಬೈಲ್ ಸ್ಟಾರ್ಟರ್: ಮೂರು ವರ್ಷ ಬಳಸಿದ ಮೇಲೆ

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಲಿಂಬೆ. ಬೋರ್ ಒಂದೇ, ಅದೂ ಕಾಕಾನ ಜೊತೆ ಪಾಲಿನದು. ಒಂದು ದಿನ ನಮ್ಮ ಪಾಳಿ, ಒಂದು ದಿನ ಅವರದು. ಮನೆಯಿಂದ ಬೋರಿಗೆ ಒಂದೂವರೆ ಕಿಲೋಮೀಟರ್. ಪಂಪ್‌ಸೆಟ್‌ಗೆ ದಿನಕ್ಕೆ 7 ತಾಸು ತ್ರೀಫೇಸ್ ಕರೆಂಟ್ ಅಂತ ಲೆಕ್ಕ. ಅದು ಹಗಲಲ್ಲೇ ಬರಬೇಕು ಅಂತೇನೂ ಇಲ್ಲವಲ್ಲ. ರಾತ್ರಿ ಒಂದಕ್ಕೆ ಬ್ಯಾಟರಿ ಹಿಡಿದು ಒಡ್ಡಿನ ಮೇಲೆ ಹೋಗುವಾಗ ಅಪ್ಪನ ಕಾಲ ಪಕ್ಕದಲ್ಲೇ ಹಾವು ಹರಿದು ಹೋಯಿತು. ಆ ವಾರವೇ, ಫೋನಿನಿಂದಲೇ ಮೋಟರ್ ಹಚ್ಚುವ ಈ ಮೊಬೈಲ್ ಸ್ಟಾರ್ಟರ್ ತಂದೆ. 2022ರ ಮಳೆಗಾಲದ ಮಾತು. 4,500 ರೂಪಾಯಿ, ಹಚ್ಚಿದ ಕೂಲಿ ಬೇರೆ.

ಸ್ಟಾರ್ಟರ್ ಪಕ್ಕದಲ್ಲಿ ಕೂರುವ ಸಣ್ಣ ಡಬ್ಬಿ, ಒಳಗೆ ಒಂದು ಸಿಮ್. ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತದೆ. ಕರೆಂಟ್ ಇದೆಯಾ ಇಲ್ವಾ ಹೇಳುತ್ತದೆ. 1 ಒತ್ತಿದರೆ ಚಾಲೂ, 2 ಒತ್ತಿದರೆ ಬಂದ್. ಅಪ್ಪನಿಗೆ ಓದಲು ಬರುವುದಿಲ್ಲ, ಆದರೂ ಒಂದೇ ದಿನದಲ್ಲಿ ಕಲಿತ. ಇದನ್ನು ಮಾಡಿದವರು ಯಾರೋ ಹೊಲಕ್ಕೆ ಬಂದು ಕೂತು ನೋಡಿದ್ದಾರೆ ಅಂತ ಆಗ ಅನಿಸಿತ್ತು.

ಮೋಟರ್ ಕಾಯುವ ಕೆಲಸದಲ್ಲಿ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಮೂರರಲ್ಲಿ ಒಂದು ಫೇಸ್ ಹೋದರೆ ಉಳಿದೆರಡು ವೈರ್ ಮೇಲೆ ಭಾರ ಬಿದ್ದು ಮೋಟರಿನೊಳಗಿನ ತಂತಿ ಸುತ್ತು (ವೈಂಡಿಂಗ್) ಸುಡುತ್ತದೆ. ಇದು ಅಷ್ಟರಲ್ಲೇ ಬಂದ್ ಮಾಡುತ್ತದೆ. ಬೋರಿನಲ್ಲಿ ನೀರು ತಳ ಮುಟ್ಟಿದರೆ ಮೋಟರ್ ಎಳೆಯುವ ಆಂಪ್ಸ್ ಇಳಿಯುತ್ತದೆ, ಅದನ್ನೂ ಹಿಡಿಯುತ್ತದೆ. ಮೊದಲು ಎರಡು ಬೇಸಿಗೆಗೆ ಒಮ್ಮೆ ರಿವೈಂಡಿಂಗ್ ಇದ್ದೇ ಇತ್ತು. ಈ ಮೂರು ವರ್ಷದಲ್ಲಿ ಒಮ್ಮೆಯೂ ಮೋಟರ್ ಮೇಲೆತ್ತಿಲ್ಲ.

ಆಟೋ ಅಂತ ಒಂದು ಬಟನ್ ಇದೆ. ಕರೆಂಟ್ ಬಂದ ಕೂಡಲೇ ತಾನೇ ಹತ್ತುತ್ತದೆ. ಸುತ್ತಲಿನ ಎಲ್ಲರೂ ಅದನ್ನೇ ಒತ್ತಿಟ್ಟರೆ ಅಷ್ಟೂ ಮೋಟರ್ ಒಮ್ಮೆಲೇ ಎದ್ದು ಟಿಸಿ (ಟ್ರಾನ್ಸ್‌ಫಾರ್ಮರ್) ಮೇಲೆ ಲೋಡ್ ಬೀಳುತ್ತದೆ. ಹೋದ ಬೇಸಿಗೆಯಲ್ಲಿ ನಮ್ಮ ಟಿಸಿ ಸುಟ್ಟು ಎಂಟು ದಿನ ಗಿಡ ಒಣಗಿದವು. ಆಟೋದಲ್ಲಿ ಇಡುವುದೇ ಆದರೆ ಕರೆಂಟ್ ಬಂದ ಮೇಲೆ ಕೆಲವು ನಿಮಿಷ ತಡೆದು ಹತ್ತುವ ಹಾಗೆ ಟೈಮರ್ ಇಡಿ. ಅದು ಇದರಲ್ಲೇ ಇದೆ. ಹಚ್ಚಲು ಬಂದ ಹುಡುಗ ಹೇಳಿರಲಿಲ್ಲ.

ಸಿಮ್ ತಲೆನೋವು ಮೊದಲಿನಿಂದಲೂ ಇದೆ. ನಮ್ಮದು 2ಜಿ ಡಬ್ಬಿ, 4ಜಿ ಮಾತ್ರ ಇರುವ ಕಂಪನಿಯ ಸಿಮ್ ಓಡುವುದಿಲ್ಲ. ಡೇಟಾ ಬೇಡದ ಡಬ್ಬಿಗೆ ಡೇಟಾ ಪ್ಯಾಕ್ ಹಾಕಿಸುತ್ತಿದ್ದೆವು. 2024ರ ಡಿಸೆಂಬರ್‌ನಲ್ಲಿ ಫೋನ್ ಕಂಪನಿಗಳ ಮೇಲಿನ ನಿಯಂತ್ರಕ ಟ್ರಾಯ್ ಹೇಳಿದ ಮೇಲೆ ಬರೀ ಮಾತು, ಮೆಸೇಜಿನ ಪ್ಯಾಕ್ ಬಂತು. ಈಗ ಅದನ್ನೇ ಹಾಕಿಸುತ್ತೇವೆ.

ನನ್ನ ದೊಡ್ಡ ತಕರಾರು ಬೇರೆಯೇ. ಒಂದು ಮೋಟರಿಗೆ ಒಬ್ಬ ಮಾಲೀಕ, ಒಂದು ಫೋನ್ ಅಂತ ಈ ಡಬ್ಬಿ ನಂಬಿದೆ. ಐದು ನಂಬರ್ ಸೇರಿಸಬಹುದು, ಯಾರು ಬೇಕಾದರೂ ಹಚ್ಚಬಹುದು, ಬಂದ್ ಮಾಡಬಹುದು. ಮೋಟರ್ ಹತ್ತಿತು, ಬಂದಾಯಿತು ಅನ್ನುವ ಸುದ್ದಿ ಹೋಗುವುದು ಮಾತ್ರ ಮೊದಲನೇ ನಂಬರಿಗೆ. ಅದು ನನ್ನದು, ನಾನಿರುವುದು ವಿಜಯಪುರ ಶಹರದಲ್ಲಿ. ಒಮ್ಮೆ ಕಾಕಾನ ಪಾಳಿಯ ದಿನ ಅಪ್ಪ ಮರೆತು ಬಂದ್ ಮಾಡಿದ. ಕಾಕಾನಿಗೆ ಗೊತ್ತೇ ಆಗಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಗಿಡದ ಬುಡ ಒಣ ಒಣ. ಮನೆ ಬಾಗಿಲಿಗೇ ಬಂದರು. "ಅಣ್ಣಾ, ನನ್ನ ಪಾಳ್ಯಾಗ ಯಾಕ ಕೈ ಹಾಕಿದಿ?" ಅಪ್ಪ "ನಾ ಎಲ್ಲಿ ಹೊಲಕ್ಕ ಹೋಗೇನೋ?" ಅಂದ. ಅದೂ ಖರೆಯೇ. ಮೊದಲು ಬಂದ್ ಮಾಡಬೇಕಾದರೆ ಬೋರಿನ ತನಕ ನಡೆಯಬೇಕಿತ್ತು, ದಾರಿಯಲ್ಲಿ ಯಾರಾದರೂ ನೋಡುತ್ತಿದ್ದರು. ಹದಿನೈದು ದಿನ ಇಬ್ಬರೂ ಮಾತು ಬಿಟ್ಟಿದ್ದರು.

ಈಗ ನಾವೇ ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಡಬ್ಬಿಗೆ ಫೋನ್ ಮಾಡಿದವರು ಇನ್ನೊಬ್ಬರಿಗೆ ಒಂದು ಮಿಸ್ ಕಾಲ್ ಕೊಡಬೇಕು.

ಮೊನ್ನೆ ಅದೇ ಅಂಗಡಿಯಲ್ಲಿ ಹೊಸ 4ಜಿ ಮಾಡೆಲ್ ತೋರಿಸಿದರು. ಸುದ್ದಿ ಎಲ್ಲ ನಂಬರಿಗೂ ಹೋಗುತ್ತದಾ ಅಂತ ಕೇಳಿದೆ. "ಎಲ್ಲರೂ ಆ್ಯಪ್ ಹಾಕ್ಕೊಂಡ್ರ ಆತ್ರಿ" ಅಂದರು. ಕಾಕಾನ ಫೋನಿನಲ್ಲಿ 3ರ ಬಟನ್ ಕಿತ್ತು ಹೋಗಿ ಎರಡು ವರ್ಷ ಆಯ್ತು. ಬೆಂಕಿಕಡ್ಡಿಯಿಂದ ಒತ್ತುತ್ತಾರೆ.